ಹೊಂಟೋಯ್ತು ಅಂದರೆ ಇನ್ನೂ ಇದೆ

ಹೋದ ವಾರ ನನ್ನ ಗಂಟಲು ಕೂತುಹೋಯಿತು. ಮಿಮಿಕ್ರಿ ಮಾಡಿ ಬದುಕುವವನ ಗಂಟಲು ಕೂರುವುದೆಂದರೆ ದರ್ಜಿಯ ಕತ್ತರಿ ಕಳೆದುಹೋದ ಹಾಗೆ. ಒಂದು ಮದುವೆ ಮನೆಯಲ್ಲಿ ಮುಕ್ಕಾಲು ಗಂಟೆ ಒಂದೇ ಸಮನೆ, ವರನ ಸೋದರಮಾವನಿಂದ ಹಿಡಿದು ಅಡುಗೆ ಭಟ್ಟರವರೆಗೆ ಎಲ್ಲರ ದನಿ ತೆಗೆದಿದ್ದೆ. ಕೊನೆಗೆ ಮನೆಗೆ ತರಲು ನನ್ನದೇ ದನಿ ಉಳಿದಿರಲಿಲ್ಲ. ಅಮ್ಮನಿಗೆ ಸಂತೋಷವೋ ಸಂತೋಷ. ದಿನಾ ಹತ್ತು ಜನರಿಗೆ ಅನ್ನ ಬಡಿಸುವ ಹಾಗಿರುತ್ತಿತ್ತು, ಈಗ ಮೂರು ದಿನದಿಂದ ಒಬ್ಬನೇ ಮಗ ಎಂದು ಪಕ್ಕದ ಮನೆಯವರಿಗೆ ಹೇಳಿಕೊಂಡು ಓಡಾಡಿದಳು. ನಾಲ್ಕನೇ ದಿನ ಅವಳೇ ಹೆದರಿ, ನನ್ನನ್ನು ಮಂಡಿ ಮೊಹಲ್ಲಾದ ಒಂದು ಗ್ರಂಧಿಗೆ ಅಂಗಡಿಗೆ ಅಟ್ಟಿದಳು.

ಅಂಗಡಿಯವರು ನನ್ನ ಪಿಸುಮಾತು ಕೇಳಿಸಿಕೊಂಡು, ಒಂದು ಡಬ್ಬದಿಂದ ಜ್ಯೇಷ್ಠಮಧುವಿನ ಬೇರು ತೆಗೆದು ಮುರಿದು ಕೈಗಿಟ್ಟರು. ಒಣಕಡ್ಡಿ. ಮೂಗಿನ ಹತ್ತಿರ ಹಿಡಿದೆ. ಮಣ್ಣು, ಹಳೇ ಮರದ ಪೆಟ್ಟಿಗೆ, ಅವೆರಡರ ಹಿಂದೆ ಎಲ್ಲೋ ಒಂದು ಮಂಕು ಸಿಹಿ… ಅಷ್ಟು ಸಾಕಾಯಿತು. ಅಂಗಡಿಯ ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಹಿಂದಿನಿಂದ ಮೂಟೆ ಹೊತ್ತು ಬಂದವನು ನನ್ನ ವಂಶವನ್ನೆಲ್ಲ ನೆನೆದು ಬೈದ. ಎಂದಿನಂತಾಗಿದ್ದರೆ ಅವನದೇ ದನಿಯಲ್ಲಿ ತಿರುಗಿ ಬೈಯುತ್ತಿದ್ದೆ. ಅವತ್ತು ಆಗಲಿಲ್ಲ. ಗಂಟಲಿರಲಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು, ನಾನು ಆಗಲೇ ಅಲ್ಲಿರಲಿಲ್ಲ.

ಏಳು ವರ್ಷದ ಹಿಂದಿನ ಮಾತು. ಐ.ಟಿ.ಐ. ಮುಗಿಸಿ ನಂಜನಗೂಡಿನ ಹೊರಗಿನ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೆ. ಮನೆ ಮೈಸೂರಿನ ಅಗ್ರಹಾರದ ಓಣಿಯಲ್ಲಿ. ಅಲ್ಲಿಂದ ಸ್ವಲ್ಪ ದೂರ ನಡೆದರೆ ರಸ್ತೆಬದಿಯ ಹೊಂಗೆ ಮರ, ಅದರಡಿ ನಂಜನಗೂಡಿನ ಮಿನಿ ಬಸ್ಸುಗಳು. ಮಿನಿ ಎನ್ನುವುದು ಬಸ್ಸಿಗೆ ಮಾತ್ರ. ಒಳಗೆ ತುಂಬುವ ಜನಕ್ಕೆ ಆ ನಿಯಮವಿರಲಿಲ್ಲ. ಕೂತವರ ಮಡಿಲಲ್ಲಿ ನಿಂತವರ ಚೀಲ, ನಿಂತವರ ಕಂಕುಳಲ್ಲಿ ಇನ್ನೊಬ್ಬರ ತಲೆ. ನನ್ನಂಥ ಸಣಕಲನನ್ನು ಕಂಡಕ್ಟರ್ ಸಂದಿಗೆ ತುರುಕುವ ಸಾಮಾನಾಗಿ ಬಳಸುತ್ತಿದ್ದ.

ಮರದಡಿ ನಿಂತು ಜನರನ್ನು ಕೂಗಿ ಕರೆಯಲೆಂದೇ ಒಬ್ಬರಿದ್ದರು. ಡ್ರೈವರ್ ಅಲ್ಲ, ಕಂಡಕ್ಟರೂ ಅಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಕೂಗುವುದೇ ಅವರ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಸ್ಟ್ಯಾಂಡಿನ ಬಾಯಲ್ಲಿ ಅವರು ಕೂಗಣ್ಣ. ಕುಳ್ಳಗಿನ ಆಳು. ಇಸ್ತ್ರಿ ಮಾಡಿದ ಖಾಕಿ ಅಂಗಿ. ಎಡಗೆನ್ನೆಯಲ್ಲಿ ಸದಾ ಒಂದು ತುಂಡು ಜ್ಯೇಷ್ಠಮಧು. ಹೊಸಬರು ಹಲ್ಲುನೋವೆಂದು ಕನಿಕರಪಡುತ್ತಿದ್ದರು. ಆಶೀರ್ವಾದ ಮಾಡುವವರಂತೆ ಬಲಗೈ ಎತ್ತಿ ಶುರು ಮಾಡುತ್ತಿದ್ದರು: "ನಂಜನ್‌ಗೂಡ್, ನಂಜನ್‌ಗೂಡ್, ನಂಜನ್‌ಗೂಡೇ… ಬಂಡಿಪಾಳ್ಯ, ಕಡ್ಕೊಳ, ನಂಜನ್‌ಗೂಡೇ… ಹೊಂಟೋಯ್ತು, ಹೊಂಟೋಯ್ತು, ಹೊಂಟೋಯ್ತು…"

ಮೊದಲ ದಿನ ಆ 'ಹೊಂಟೋಯ್ತು' ಕೇಳಿ ನಾನು ಊಟದ ಡಬ್ಬಿ ಎದೆಗವುಚಿಕೊಂಡು ಓಡಿ, ಚಪ್ಪಲಿ ಒಂದನ್ನು ರಸ್ತೆಯಲ್ಲಿ ಬಿಟ್ಟು ಹತ್ತಿದೆ. ನೋಡಿದರೆ ಡ್ರೈವರ್ ಕಿಟಕಿಯಿಂದ ಕಾಲು ಹೊರಗೆ ಚಾಚಿ ಪೇಪರ್ ಓದುತ್ತಿದ್ದಾನೆ. ಬಸ್ಸು ಹೊರಟದ್ದು ಇಪ್ಪತ್ತು ನಿಮಿಷದ ನಂತರ. ಪಕ್ಕದಲ್ಲಿ ಕೂತಿದ್ದ ಹೂವಿನ ಅಜ್ಜಿ ನನ್ನ ಒಂಟಿ ಚಪ್ಪಲಿ ನೋಡಿ ನಕ್ಕರು.

"ಹೊಸಬ್ನಾ? ಹೊಂಟೋಯ್ತು ಅಂದ್ರೆ ಇನ್ನೂ ಐತೆ ಅಂತ ಕಣಪ್ಪ. ನಿಧಾನಕ್ ಬನ್ನಿ ಅಂತಾರಲ್ಲ, ಆಗ ಓಡ್ಬೇಕು."

ಅದು ನಿಜವಾಗಿತ್ತು. ಸೀಟು ತುಂಬಿ, ಇನ್ನು ಹೊರಡಲೇಬೇಕು ಎನ್ನುವಾಗ ಕೂಗಣ್ಣ ರಸ್ತೆಯ ಆ ಕಡೆ ನೋಡುತ್ತಿದ್ದರು. ಯಾರಾದರೂ ಓಡಿ ಬರುತ್ತಿದ್ದರೆ, ಅದುವರೆಗಿನ ಅವಸರವನ್ನೆಲ್ಲ ಬಿಟ್ಟು, ಮಗು ಮಲಗಿಸುವ ದನಿಯಲ್ಲಿ "ನಿಧಾನಕ್ ಬನ್ನಿ, ನಿಧಾನಕ್…" ಎನ್ನುತ್ತಿದ್ದರು. ಅದನ್ನು ಕೇಳಿ ಡ್ರೈವರ್ ಕಾಲು ಒಳಗೆಳೆದುಕೊಂಡು ಇಂಜಿನ್ ಶುರು ಮಾಡುವನು. ಓಡಿಬಂದವರು ಹತ್ತಿದ ಮೇಲೆ ಕೂಗಣ್ಣ ಬಸ್ಸಿನ ಮೈಗೆ ಎರಡು ಸಲ ತಟ್ಟುವರು. ಆಗ ಹೊರಡುವುದು. ದಿನಾ ಬರುವವರೆಲ್ಲ ಹೊಂಟೋಯ್ತು ಎಂದರೆ ಆರಾಮಾಗಿ ಇನ್ನೊಂದು ಟೀ ಹೇಳುತ್ತಿದ್ದರು. ನಿಧಾನಕ್ಕೆ ಎಂದರೆ ಲೋಟ ಬಿಟ್ಟು ಓಡುತ್ತಿದ್ದರು. ಇಂಥ ಭಾಷೆ ಇಡೀ ಮೈಸೂರಿನಲ್ಲಿ ಆ ಮರದಡಿ ಮಾತ್ರ.

ಹೀಗೆ ದಿನಾ ಸುಳ್ಳು ಹೇಳುತ್ತೀರಲ್ಲ, ನಂಜುಂಡೇಶ್ವರನ ಊರಿಗೆ ಜನ ಕಳಿಸುವವರು, ಭಯವಾಗೋದಿಲ್ಲವೇ ಎಂದು ಒಮ್ಮೆ ರೇಗಿಸಿದೆ. ಅವರು ಕೆನ್ನೆಯಿಂದ ಬೇರು ತೆಗೆದರು. ಮುಖ್ಯವಾದ ಮಾತಿಗೆ ಮಾತ್ರ ತೆಗೆಯುತ್ತಿದ್ದರು.

"ನಿಂತಿರೋರ್ಗೆ ಹೊಂಟೋಯ್ತು ಅನ್ಬೇಕು, ಇಲ್ದಿದ್ರೆ ಅಲ್ಲಾಡಲ್ಲ. ಓಡೋರ್ಗೆ ನಿಧಾನಕ್ ಬನ್ನಿ ಅನ್ಬೇಕು, ಇಲ್ದಿದ್ರೆ ಬಿದ್ಬುಡ್ತಾರೆ. ಅಷ್ಟೇ ಕಣೋ ನಂ ವಿದ್ಯೆ."

ಅವರ ದನಿ ನನ್ನ ವಶವಾಗಲು ಎಂಟು ದಿನ ಹಿಡಿಯಿತು. ಗುಟ್ಟು ಗಂಟಲಲ್ಲಿರಲಿಲ್ಲ, ಮೂಗಿನಲ್ಲಿತ್ತು; ಮತ್ತೆ ಆ ಬೇರಿನಲ್ಲಿ, ಅದು ಕೆನ್ನೆ ತುಂಬಿ 'ಡ'ಕಾರವನ್ನು ಮೆತ್ತಗೆ ಮಾಡುತ್ತಿತ್ತು. ನಾನು ಕೆನ್ನೆಯಲ್ಲಿ ನಾಲಿಗೆ ಒತ್ತಿಕೊಂಡು ಕೂಗಿದರೆ ಕಂಡಕ್ಟರೂ ತಿರುಗಿ ನೋಡುವನು. ಕೂಗಣ್ಣನಿಗೆ ಸಿಟ್ಟು ಬರಲಿಲ್ಲ. ಬದಲಿಗೆ ತಪ್ಪು ತಿದ್ದಿದರು. 'ಗೂಡೇ' ಅನ್ನುವುದನ್ನು ಅಷ್ಟು ಎಳೆಯಬೇಡ, ಬಸ್ಸು ಕಡಕೊಳ ದಾಟುವುದಿಲ್ಲ ಎಂದರು. ನಾನು ಉಬ್ಬಿಹೋದೆ. ಉಬ್ಬಿದವನು ಸುಮ್ಮನಿರುತ್ತಾನೆಯೇ…

ಒಂದು ಬೆಳಗ್ಗೆ ಅವರು ಟೀ ಕುಡಿಯಲು ರಸ್ತೆ ದಾಟಿದ್ದರು. ನಾನು ಹಿಂದಿನ ಸೀಟಿನ ಕಿಟಕಿಯ ಬಳಿ. ಡ್ರೈವರನ ಹೊರಚಾಚಿದ ಕಾಲು ಕಂಡಿತು. ಆ ಕಾಲು ಗಡಬಡಿಸಿ ಒಳಗೆ ಹೋಗುವುದನ್ನು ನೋಡುವ ಆಸೆಯಾಯಿತು, ಇಷ್ಟೇ. ಕಿಟಕಿಯಿಂದ ತಲೆ ಹಾಕಿ ಅವರ ದನಿಯಲ್ಲಿ "ನಿಧಾನಕ್ ಬನ್ನಿ" ಎಂದೆ. ಕಾಲು ಒಳಗೆ ಹೋಯಿತು. ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಬಸ್ಸಿನ ಮೈಗೆ ಎರಡು ಸಲ ತಟ್ಟಿದೆ.

ಬಸ್ಸು ಹೊರಟಿತು. ಮುಂದಿನ ಸೀಟಿನಲ್ಲಿ ಒಂದು ಬ್ಯಾಗು ಒಂಟಿಯಾಗಿ ಕೂತಿರುವುದನ್ನು ಆಗ ನೋಡಿದೆ. ನಂಜನಗೂಡಿನಲ್ಲಿ ಪರೀಕ್ಷೆಯಿದ್ದ ಒಬ್ಬ ಹುಡುಗಿ, ಹಾಲ್ ಟಿಕೆಟ್ಟನ್ನು ಬ್ಯಾಗಿನಲ್ಲಿಟ್ಟು, ಬ್ಯಾಗನ್ನು ಸೀಟಿನಲ್ಲಿಟ್ಟು, ಪೆನ್ನು ತರಲು ಇಳಿದಿದ್ದಳು. ಹಿಂದಿನ ಗಾಜಿನಲ್ಲಿ ನೋಡಿದರೆ ಕೂಗಣ್ಣ ಓಡಿಬರುತ್ತಿದ್ದಾರೆ. ಕೈಯಲ್ಲಿ ಟೀ ಲೋಟ ಹಾಗೇ ಇದೆ. ಅವರ ಹಿಂದೆ ಆ ಹುಡುಗಿ. ಬಾಯಿ ಅಷ್ಟಗಲ ತೆರೆದು ಕೂಗುತ್ತಿದ್ದರು, ಒಳಗೆ ಹಾಡಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಲಿಲ್ಲ. ಊರಿನವರ ದನಿಯನ್ನೆಲ್ಲ ಬಾಯಲ್ಲಿಟ್ಟುಕೊಂಡಿದ್ದ ನನಗೆ, ನಿಲ್ಲಿಸಿ ಎನ್ನಲು ಯಾರ ದನಿಯೂ ಬರಲಿಲ್ಲ. ಮುಂದಿನ ಸಿಗ್ನಲ್ಲಿನ ಕೆಂಪು ದೀಪವೇ ನಿಲ್ಲಿಸಬೇಕಾಯಿತು.

ಅವರು ಬಂದು ಹುಡುಗಿಯನ್ನು ಹತ್ತಿಸಿದರು. ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ ತುಂಬಾ ಹೊತ್ತು ಕೆಮ್ಮಿದರು. ಆಮೇಲೆ ನನ್ನ ಕಿಟಕಿಯ ಕಡೆ ಒಮ್ಮೆ ನೋಡಿ, ಬಸ್ಸಿಗೆ ಎರಡು ಸಲ ತಟ್ಟಿದರು. ಹುಡುಗಿಗೆ ಪರೀಕ್ಷೆ ಸಿಕ್ಕಿತು. ಬಸ್ಸಿನ ಮಾಲೀಕರು ಮಾರನೇ ದಿನ ವಿಚಾರಣೆಗೆ ಬಂದಾಗ ಕೂಗಣ್ಣ, ತಮ್ಮದೇ ಬಾಯಿ ತಪ್ಪಿತು ಎಂದು ಒಪ್ಪಿಕೊಂಡುಬಿಟ್ಟರು. ನಾನು ಮರದ ಹಿಂದೆ ನಿಂತು ಕೇಳಿಸಿಕೊಂಡೆ. ಮಾಲೀಕರು ಹೋದ ಮೇಲೆ ನನ್ನನ್ನು ಕರೆದರು. ಕೆನ್ನೆಯಿಂದ ಬೇರು ತೆಗೆದರು.

"ನನ್ ದನೀಲಿ ಏನ್ ಬೇಕಾರೂ ಕೂಗ್ಕೊ. ನಿಧಾನಕ್ ಬನ್ನಿ ಅನ್ನೋದು ಮಾತ್ರ, ಯಾರು ಓಡ್ತಾವ್ರೆ ಅಂತ ನೋಡ್ದೆ ಅನ್ಬೇಡ."

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ದನಿ ಒಡೆಯತೊಡಗಿತು. ಮೊದಲು 'ಗೂಡೇ' ಹೋಯಿತು, ಆಮೇಲೆ ಕಡಕೊಳ, ಕೊನೆಗೆ ಎಲ್ಲವೂ. ಗಂಟಲಲ್ಲಿ ಗಂಟು, ವರ್ಷಗಟ್ಟಲೆ ಕೂಗಿ ಬಂದದ್ದು, ಇನ್ನು ಕೂಗುವ ಹಾಗಿಲ್ಲ ಎಂದರಂತೆ ಡಾಕ್ಟರು. ವರ್ಷಗಟ್ಟಲೆ ಎಂದರು, ಒಂದು ಬೆಳಗ್ಗೆಯದು ಎನ್ನಲಿಲ್ಲ. ಆದರೂ ಆ ಟೀ ಲೋಟ, ಆ ತೆರೆದ ಬಾಯಿ… ಲೆಕ್ಕ ನನಗೆ ಇವತ್ತಿಗೂ ಸರಿಹೋಗಿಲ್ಲ.

ಕೂಗಲಾಗದ ಕೂಗಣ್ಣನನ್ನು ಎಷ್ಟು ದಿನ ಇಟ್ಟುಕೊಳ್ಳುವುದು ಎಂದು ಮಾಲೀಕರು ಕಂಡಕ್ಟರನ ಬಳಿ ಅಂದದ್ದು ಎಲ್ಲರಿಗೂ ಗೊತ್ತಾಯಿತು. ಆ ಮರದಡಿಯ ಮೂರಡಿ ಜಾಗ ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನನ್ನ ತಲೆಗೆ ಹೊಳೆದದ್ದರಿಂದ ಯಾರಿಗೂ ಒಳ್ಳೆಯದಾದ ದಾಖಲೆಯಿಲ್ಲ ಎನ್ನುವುದು ಆಗ ನೆನಪಾಗಲಿಲ್ಲ. ಅವರ ದನಿ ನನ್ನ ಬಳಿ ಇದೆ. ನಾನು ಕೂಗಿ ಒಂದು ಪುಟ್ಟ ಸ್ಪೀಕರಿಗೆ ತುಂಬಿಸಿದರೆ ಅವರು ಕೈ ಎತ್ತಿ ನಿಂತರಾಯಿತು.

ಒಂದು ಭಾನುವಾರ ಮಧ್ಯಾಹ್ನ, ನಿಂತ ಬಸ್ಸಿನ ಗಾಜುಗಳನ್ನೆಲ್ಲ ಏರಿಸಿ, ಬೆವರುತ್ತ ಇಬ್ಬರೂ ಕೂತೆವು. ನಾನು ಫೋನ್ ಹಿಡಿದು ಕೂಗುವುದು, ಅವರು ಬೆರಳಿನಲ್ಲೇ ಮೇಲೆ, ಕೆಳಗೆ, ಇನ್ನೂ ಬೇಗ ಎಂದು ತೋರಿಸುವುದು. 'ಹೊಂಟೋಯ್ತು' ಬಂದಾಗ ಕಣ್ಣು ಮುಚ್ಚಿ ತಲೆದೂಗಿದರು. ಎಲ್ಲ ಮುಗಿದು, ಕೊನೆಗೆ "ನಿಧಾ…" ಎನ್ನುತ್ತಿದ್ದಂತೆ ಅವರ ಅಂಗೈ ನನ್ನ ಬಾಯಿ ಮುಚ್ಚಿತು. ಆ ಅಂಗೈಗೂ ಅದೇ ವಾಸನೆ, ಮಣ್ಣು, ಮರ, ಮಂಕು ಸಿಹಿ.

"ಅದ್ ಬ್ಯಾಡ," ಎಂದು ಪಿಸುಗುಟ್ಟಿದರು. "ಡಬ್ಬಕ್ಕೆ ಕಣ್ಣಿಲ್ಲ."

ಸ್ಪೀಕರನ್ನು ಹೊಂಗೆಯ ಕೊಂಬೆಗೆ ಕಟ್ಟಿದೆವು. ಅದು ಕೂಗುವುದು, ಅದರಡಿ ಕೂಗಣ್ಣ ಕೈ ಎತ್ತಿ ತುಟಿ ಆಡಿಸುವುದು. ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ. ಯಾರಾದರೂ ಓಡಿಬಂದರೆ ಮಾತ್ರ ಅವರು ಎರಡು ಹೆಜ್ಜೆ ಮುಂದೆ ಹೋಗಿ, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗೆ ಒತ್ತುತ್ತಿದ್ದರು, ನಿಧಾನ, ನಿಧಾನ… ನಾನು ಎಂಥ ಘನಕಾರ್ಯ ಮಾಡಿದೆನೆಂದು ಇಡೀ ಬಸ್ಸಿಗೆ ಹೇಳಿಕೊಂಡು ತಿರುಗಿದೆ.

ತಿಂಗಳು ತುಂಬಲಿಲ್ಲ. ಡಬ್ಬವೇ ಕೂಗುತ್ತದಲ್ಲ, ಕೆಳಗೆ ಒಬ್ಬ ಮನುಷ್ಯ ಯಾಕೆ ಎಂದು ಮಾಲೀಕರಿಗೆ ಅನ್ನಿಸಿತು. ಕೆಟ್ಟದಾಗೇನೂ ಹೇಳಲಿಲ್ಲವಂತೆ, ನೀವು ಬೇಕಾದಾಗ ಬಂದು ಕೂತುಕೊಳ್ಳಿ ಎಂದರಂತೆ. ಕೂತುಕೊಳ್ಳಲು ಬರುವ ಆಳೇ ಅವರು? ಹುಣಸೂರಿನ ಕಡೆ ಮಗಳ ಮನೆಗೆ ಹೊರಟರು. ಹೋಗುವ ದಿನ ನಾನು ಕೆಲಸಕ್ಕೆ ಹೋಗುವ ಬಸ್ಸಿನಲ್ಲಿದ್ದೆ. ಏನಾದರೂ ಬೈಯಲಿ ಎಂದು ಕಾದೆ. ಅವರು ಬಸ್ಸಿಗೆ ಎರಡು ಸಲ ತಟ್ಟಿದರು, ಎಂದಿನ ಹಾಗೆ.

ನನ್ನ ಅಪ್ರೆಂಟಿಸ್‌ಗಿರಿಯೂ ಮುಗಿಯಿತು, ಆರ್ಕೆಸ್ಟ್ರಾ ಸೇರಿದೆ. ಎರಡು ವರ್ಷ ಕಳೆದಿರಬೇಕು. ಆ ಹಳೇ ಡ್ರೈವರ್ ಅಗ್ರಹಾರದ ತರಕಾರಿ ಅಂಗಡಿಯ ಮುಂದೆ ಸಿಕ್ಕಿದ.

"ಕೂಗಣ್ಣ ಹೊಂಟೋದ್ರು ಕಣೋ," ಎಂದ.

ಎಲ್ಲಿಗೆ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ನೋಡುತ್ತ ನಿಂತ. ನನಗೆ ಅರ್ಥವಾಗದೆ ಕೇಳಿದ್ದಲ್ಲ. ಆ ಮರದಡಿ ಕಲಿತ ಭಾಷೆ ಕಿವಿಯಲ್ಲಿ ಕೂತಿತ್ತು: ಹೊಂಟೋಯ್ತು ಅಂದರೆ ಇನ್ನೂ ಇದೆ. ಇಪ್ಪತ್ತು ನಿಮಿಷವಾದರೂ ಇದೆ…

ಇನ್ನೊಂದು ವಿಷಯ ಹೊಳೆದದ್ದು ಅವತ್ತು ಮನೆಗೆ ಬಂದ ಮೇಲೆ. ಫೋನಿನಲ್ಲಿ ನನ್ನ ಕೂಗು ಇತ್ತು, ಅವರದಿರಲಿಲ್ಲ. ದನಿ ಚೆನ್ನಾಗಿದ್ದ ಕಾಲದಲ್ಲಿ ಒಂದು ಸಲವೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ. ನನ್ನ ಬಾಯಲ್ಲಿದೆಯಲ್ಲ ಎಂದುಕೊಂಡಿದ್ದೆ.

ಹೋದ ವಾರ ಆ ಬೇರನ್ನು ಎಡಗೆನ್ನೆಗೆ ಇಟ್ಟುಕೊಂಡು ಮಂಡಿ ಮೊಹಲ್ಲಾದಿಂದ ನೇರ ಹೊಂಗೆ ಮರದಡಿಗೆ ಹೋದೆ. ನಂಜನಗೂಡಿನಲ್ಲಿ ಒಬ್ಬರು ಕಾರ್ಯಕ್ರಮದ ಮಾತಿಗೆ ಕರೆದಿದ್ದರು, ನೆಪ ಸಿಕ್ಕಿತ್ತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಅಂದಾಗಿನಿಂದ ಮಿನಿ ಬಸ್ಸು ಅರ್ಧ ಖಾಲಿ. ಈಗ ನನ್ನನ್ನು ತುರುಕಲು ಸಂದಿಯೇ ಬೇಕಿಲ್ಲ. ಹಳೇ ಡ್ರೈವರ್, ಹೊರಗೆ ಚಾಚಿದ ಅದೇ ಕಾಲು. ಕೊಂಬೆಯ ಮೇಲೆ ಡಬ್ಬ ತಂತಿ ಸುತ್ತಿಸಿಕೊಂಡು ಕರಕರ ಎನ್ನುತ್ತ ಇನ್ನೂ ಕೂಗುತ್ತಿದೆ, ಹೊಂಟೋಯ್ತು, ಹೊಂಟೋಯ್ತು. ಟೀ ಅಂಗಡಿಯವನು ಯಾರಿಗೋ, ಇದು ಕೂಗಣ್ಣಂದೇ ದನಿ, ಪುಣ್ಯಾತ್ಮ ಹೋದರೂ ಕೆಲಸ ಬಿಡಲಿಲ್ಲ ಎಂದು ಹೇಳುತ್ತಿದ್ದ. ಅಲ್ಲ, ನನ್ನದು ಎನ್ನಲು ಬಾಯಿ ತೆರೆದೆ. ಬೇರನ್ನು ಕಚ್ಚಿಕೊಂಡೆ.

ಆಗ ರಸ್ತೆಯ ಆ ಕಡೆಯಿಂದ ಒಬ್ಬಾಕೆ ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ, ಸ್ಕೂಟರುಗಳ ನಡುವೆ ಓಡಿಬಂದಳು. ಹೊಸಬಳು. ಡಬ್ಬ ಹೊಂಟೋಯ್ತು ಎಂದಿತು. ಅವಳು ಇನ್ನೂ ಜೋರಾಗಿ ಓಡಿದಳು. ಸೆರಗು ಕಾಲಿಗೆ ಸಿಕ್ಕುತ್ತಿತ್ತು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವರ ದನಿ ತೆಗೆಯಲು ನೋಡಿದೆ, ಮೂಗಿಗೂ ಬರಲಿಲ್ಲ, ಗಂಟಲಿಗೂ ಬರಲಿಲ್ಲ. ಬಂದದ್ದು ಒಡಕು ದನಿ, ನನ್ನದೇ.

"ನಿಧಾನಕ್ ಬನ್ನಿ… ನಿಧಾನಕ್…"

ಅವಳು ನನ್ನನ್ನು ನೋಡಿ ಹೆಜ್ಜೆ ತಗ್ಗಿಸಿದಳು. ಡ್ರೈವರ್ ಕತ್ತು ಹೊರಹಾಕಿ ಮರದ ಬುಡ ನೋಡಿದ. ಕಾಲು ಒಳಗೆ ಹೋಯಿತು, ಇಂಜಿನ್ ಶುರುವಾಯಿತು. ಅವಳು ಹತ್ತಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವವರೆಗೆ ನೋಡಿದೆ. ಆಮೇಲೆ ಬಸ್ಸಿನ ಮೈಗೆ ಎರಡು ಸಲ ತಟ್ಟಿದೆ.

ಬಸ್ಸು ಹೊರಟಿತು. ಅದು ಸಿಗ್ನಲ್ ದಾಟಿದ ಮೇಲೆ, ನಾನು ಹತ್ತಬೇಕಾಗಿದ್ದದ್ದೂ ಅದನ್ನೇ ಎಂದು ನೆನಪಾಯಿತು. ತಲೆಯ ಮೇಲೆ ಡಬ್ಬ ಖಾಲಿ ರಸ್ತೆಗೆ ಹೊಂಟೋಯ್ತು, ಹೊಂಟೋಯ್ತು ಎನ್ನುತ್ತಲೇ ಇತ್ತು. ಈ ಸಲ ಅದು ಹೇಳಿದ್ದು ನಿಜ.