ಇನ್ನೊಂದು ಲೇಖನ ಓದಿಬಿಟ್ಟರೆ

ನಮ್ಮ ಕಡೆಯ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತೇನೆಂದು ಹೊರಟವಳು ನಾನು. ಕೆರೆ ಇನ್ನೂ ದೂರ, ದಡದಲ್ಲೇ ಮುಳುಗಿದ್ದೆ. ಹಿಂದಿನವರು ಏನೇನು ಬರೆದಿದ್ದಾರೆಂದು ಓದಿ ಮೊದಲ ಅಧ್ಯಾಯ ಬರೆಯಬೇಕು. ಒಂದು ಲೇಖನ ಓದಿದರೆ ಅದರ ಬಾಲದಲ್ಲಿ ಇಪ್ಪತ್ತು ಲೇಖನಗಳ ಹೆಸರು. ಎಲ್ಲಿ ನಿಲ್ಲಿಸಬೇಕು ಅಂತ ಒಬ್ಬರಾದರೂ ಹೇಳಿಕೊಡಬಾರದೇ? "ಸೋಮವಾರ ಅಧ್ಯಾಯ ಕೈಗೆ ಬರದಿದ್ದರೆ ಬೇರೆ ಗೈಡ್ ನೋಡಿಕೊಳ್ಳಮ್ಮ," ಎಂದು ನನ್ನ ಗೈಡ್ ಫೋನಿನಲ್ಲಿ ಹೇಳಿಬಿಟ್ಟರು. ಒಂದು ಸಾಲೂ ಬರೆದಿರಲಿಲ್ಲ. ಹೆದರಿ, ಲ್ಯಾಪ್‌ಟಾಪ್ ಎತ್ತಿಕೊಂಡು ತಾಯಲೂರಿನ ಪಕ್ಕದ ನಮ್ಮೂರಿಗೆ ಬಂದೆ.

ಮನೆಯಲ್ಲಿ ರೇಷ್ಮೆಹುಳು ಹಣ್ಣಾಗುವ ಹೊತ್ತು. ಹಣ್ಣಾದ ಹುಳು ಸೊಪ್ಪು ಬಿಟ್ಟು, ಗೂಡು ಕಟ್ಟಲು ತಲೆಯೆತ್ತುತ್ತದೆ. ಶನಿವಾರ ಬೆಳಿಗ್ಗೆ ಅಮ್ಮ ಮುಳಬಾಗಿಲಿಗೆ ಹೊರಟಳು.

"ಹಣ್ಣಾದೋವನ್ನ ಆರಿಸಿ ಚಂದ್ರಿಕೆಗೆ ಬಿಡ್ತಾ ಇರು ಕಣೇ. ಮಧ್ಯಾಹ್ನಕ್ಕೆ ಬರ್ತೀನಿ."

ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಹೋಗಿ ನೋಡಿದರೆ ಅರ್ಧ ಹುಳು ತಲೆಯೆತ್ತಿವೆ, ಅರ್ಧ ಕರಕರ ಸೊಪ್ಪು ತಿನ್ನುತ್ತಿವೆ. ಎಲ್ಲವೂ ಹಣ್ಣಾಗಲಿ, ಒಟ್ಟಿಗೇ ಬಿಟ್ಟರಾಯಿತು ಎಂದುಕೊಂಡು ಮತ್ತೆ ಓದಲು ಕೂತೆ.

ಅಮ್ಮ ಬಂದವಳೇ ಬಾಗಿಲಲ್ಲಿ ಕೂಗಿಕೊಂಡಳು. "ಅಯ್ಯೋ ದೇವುಡಾ! ಏನೇ ಇದು?"

ಹುಳುಗಳು ಗೋಡೆ ಹತ್ತಿದ್ದವು. ಕೆಲವು ಸೊಪ್ಪಿನ ಕಸದೊಳಗೇ ಗೂಡು ಸುತ್ತತೊಡಗಿದ್ದವು. ಒಂದು ಮಹಾರಾಯ ನನ್ನ ಲ್ಯಾಪ್‌ಟಾಪ್ ಚೀಲದ ಜಿಪ್ಪಿಗೆ ನೂಲು ಹಾಕುತ್ತಿತ್ತು.

"ಎಲ್ಲಾ ಹಣ್ಣಾಗ್ಲಿ ಅಂತ..."

"ಯಾವತ್ತಾದ್ರೂ ಎಲ್ಲಾ ಒಟ್ಟಿಗೆ ಹಣ್ಣಾಗಿದ್ದುಂಟೇನೇ? ಓದಿ ಓದಿ ಮರುಳಾದೆ ಹೋಗು!"

ಕಣ್ಣಲ್ಲಿ ನೀರು ಬಂತು. ಇಬ್ಬರೂ ಕೂತು ಆರಿಸಿದೆವು.

"ಇನ್ನು ಸಾಕು ಅಂತ ನಿಂಗೆ ಹೇಗಮ್ಮಾ ಗೊತ್ತಾಗುತ್ತೆ?"

"ನಂಗೇನ್ ಗೊತ್ತು? ಪ್ರತಿ ಬೆಳೇಲೂ ಹಿಂದೆ ಬೀಳೋವು ಇದ್ದೇ ಇರ್ತವೆ. ಅವಕ್ಕೆ ಕಾಯ್ತಾ ಕೂತ್ರೆ ಹಣ್ಣಾಗಿರೋವು ಹಾಳಾಗ್ತವೆ. ಒಂದೊಂದ್ಸಲ ನಾನೂ ತಪ್ತೀನಿ."

ಇದನ್ನು ಉತ್ತರವೆನ್ನಬೇಕೋ ಬೇಡವೋ ತಿಳಿಯಲಿಲ್ಲ. ಆದರೂ ಓದಿದ್ದರಲ್ಲಿ ಅರ್ಥವಾದಷ್ಟನ್ನು ಆ ಸಂಜೆಯೇ ಬರೆಯತೊಡಗಿದೆ. ಸೋಮವಾರ ಕಣ್ಣು ಮುಚ್ಚಿಕೊಂಡು ಕಳಿಸಿದೆ.

ಕಳಿಸಿದ ಮೇಲೆ, ಸುಮ್ಮನಿರಲಾರದೆ ಮತ್ತೆ ಹುಡುಕಿದೆ. ನಮ್ಮೂರ ಕೆರೆಯ ಹೆಸರನ್ನೇ ತಲೆಬರಹದಲ್ಲಿ ಇಟ್ಟುಕೊಂಡ ಒಂದು ಲೇಖನ ಎದುರಿಗೆ ಬಂತು! ಎದ್ದು ಹುಳುಮನೆಗೆ ಹೋದೆ. ಚಂದ್ರಿಕೆಗಳ ತುಂಬ ಗೂಡು. ಸೊಪ್ಪು ಹಾಕಿ ಹುಳು ಸಾಕುವ ಕೆಳಗಿನ ತಟ್ಟೆಯಲ್ಲಿ ಒಂದೇ ಒಂದು ಹುಳು ಇನ್ನೂ ತಿನ್ನುತ್ತಿತ್ತು.

"ಇದನ್ನೇನ್ಮಾಡ್ತೀಯಮ್ಮಾ?"

"ತಿನ್ಲಿ ಬಿಡು," ಎಂದು ಅಮ್ಮ ಅದಕ್ಕೊಂದು ಎಲೆ ಹಾಕಿ, ದೀಪ ಆರಿಸಿದಳು.

ಆ ಲೇಖನವನ್ನು ನಾನು ಇನ್ನೂ ತೆರೆದಿಲ್ಲ.