ಟ್ರಿಣ್ ಎಂದರೆ ಏನು

ನನ್ನ ಮೊದಲ ಕಥಾಸಂಕಲನ ಅಚ್ಚಾದದ್ದು ತೊಂಬತ್ತರ ದಶಕದ ನಡುವೆ. ಸುಮಾರು ಹತ್ತು ವರ್ಷದ ಮೇಲೆ ಅದರ ಎರಡನೆಯ ಮುದ್ರಣಕ್ಕೆ ಒಬ್ಬ ಪ್ರಕಾಶಕರು ಮುಂದೆ ಬಂದರು. ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಸುತ್ತ ಬಹಳ ನಯವಾಗಿ ವಿಷಯಕ್ಕೆ ಬಂದರು. ಕಥೆಗಳೇನೋ ಚೆನ್ನಾಗಿವೆ, ಆದರೆ ಹುಡುಗರ ಬಾಯಲ್ಲಿ ಬರುವ ಅರ್ಧ ಮಾತು ಈಗಿನವರಿಗೆ ತಿಳಿಯುವುದಿಲ್ಲ. ಒಂದೋ ಆ ಜಾಗದಲ್ಲಿ ಮಗಾ, ಮಚ್ಚಾ ಅಂತ ಹಾಕಿ, ಇಲ್ಲವೇ ಪುಸ್ತಕದ ಕೊನೆಯಲ್ಲಿ ಅರ್ಥ ಕೊಡಿ, ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಾಲದ ಪೋಲಿ ಮಾತಿಗೂ ಟಿಪ್ಪಣಿ ಬೇಕಾಯಿತೆಂದರೆ ನನಗೆ ವಯಸ್ಸಾಯಿತು ಎಂದೇ ತಾನೆ? ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಮನೆ ತಲುಪುವಷ್ಟರಲ್ಲಿ ಸಿಟ್ಟು ಇಳಿದು, ಮಾತು ಬದಲಿಸುವುದಕ್ಕಿಂತ ಅರ್ಥ ಕೊಡುವುದೇ ವಾಸಿ ಅನ್ನಿಸಿತು.

ಆ ಮಾತುಗಳನ್ನೆಲ್ಲ ನಾನು ಆಡಿದ್ದು ಚಾಮರಾಜಪೇಟೆಯ ನಮ್ಮ ರಸ್ತೆಯ ಒಂದು ಕಲ್ಲುಕಟ್ಟೆಯ ಮೇಲೆ. ಕಾಲೇಜು ಮುಗಿದು ಕೆಲಸ ಸಿಗದ ನಾವು ಗೆಳೆಯರು ಸಂಜೆ ಅಲ್ಲಿ ಕೂತು, ಒಂದೇ ಸಿಗರೇಟನ್ನು ಕೈಯಿಂದ ಕೈಗೆ ದಾಟಿಸುತ್ತ, ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದೆವು. ಸುಳ್ಳಿಗೆ ಓಳು ಅನ್ನುತ್ತಿದ್ದೆವು. ನಿಲ್ಲದ ಉಪದೇಶಕ್ಕೆ ಕೊರೆತ. ಯಾವುದರಲ್ಲಾದರೂ ಪಳಗಿದವನು ಪಂಟ. ಇವು ಊರಲ್ಲೆಲ್ಲ ಓಡಾಡುತ್ತಿದ್ದ ಮಾತುಗಳೇ. ನಮ್ಮ ಕಟ್ಟೆಗೆ ಮಾತ್ರ ಸೇರಿದ್ದು ಒಂದೇ ಒಂದು: ಟ್ರಿಣ್. ಹಾಗೆಂದರೆ ನಮ್ಮಪ್ಪ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಆಡುವಾಗ ಹೇಗಾದರೂ ಆಡಿ, ಬರೆಯುವಾಗ ಮಾತ್ರ ಅಚ್ಚುಕಟ್ಟಾಗಿ ಬರೆಯಿರಿ ಅನ್ನುವವರು. ಶಾಲೆಯ ಪ್ರಬಂಧದಲ್ಲಿ ನಾನು ‘ಅಪ್ಪ’ ಎಂದು ಬರೆದಾಗಲೆಲ್ಲ ಅದನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ ‘ತಂದೆ’ ಎಂದು ತಿದ್ದುತ್ತಿದ್ದರು. ಸಂಜೆ ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಬರುವಾಗ, ನಮ್ಮ ರಸ್ತೆಗೆ ತಿರುಗುವ ಮೊದಲೇ ಬೆಲ್ ಬಾರಿಸಲು ಶುರು ಮಾಡುವುದು ಅವರ ಅಭ್ಯಾಸ. ರಸ್ತೆಯಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ಆದರೂ ಬಾರಿಸುತ್ತಲೇ ಇರುತ್ತಿದ್ದರು. ಕಟ್ಟೆಯಲ್ಲಿ ಯಾರಾದರೂ ‘ಟ್ರಿಣ್’ ಅಂದರೆ ಸಾಕು, ಸಿಗರೇಟು ಚರಂಡಿ ಸೇರುತ್ತಿತ್ತು, ನಾವು ಕೆಲಸದ ಜಾಹೀರಾತುಗಳ ಬಗ್ಗೆ ಘನಗಂಭೀರವಾಗಿ ಚರ್ಚಿಸುತ್ತಿದ್ದೆವು. ಅಪ್ಪ ನೇರ ನೋಡುತ್ತ ದಾಟಿ ಹೋಗುತ್ತಿದ್ದರು. ಆಮೇಲೆ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು.

ಸಂಕಲನದ ಒಂದು ಕಥೆಯಲ್ಲಿ ಇದನ್ನೆಲ್ಲ ಇದ್ದ ಹಾಗೇ ಬರೆದಿದ್ದೆ, ಆ ಹೆಸರೂ ಸೇರಿ. ಕಥೆಯ ಮೇಷ್ಟ್ರು ಕಣ್ಣೆದುರಿಗಿರುವುದೂ ಕಾಣದ ಪೆದ್ದು ಮನುಷ್ಯ. ಪುಸ್ತಕ ಬಂದ ದಿನ ಅಪ್ಪ ಒಂದೆರಡು ಪುಟ ತಿರುವಿ, ಬರೀ ಬೀದಿಮಾತು ಎಂದು ಕಪಾಟಿನಲ್ಲಿಟ್ಟರು. ನನಗೆ ಬೇಜಾರೂ ಆಯಿತು, ಸದ್ಯ ಬಚಾವಾದೆ ಅಂತಲೂ ಅನ್ನಿಸಿತು. ನಾನು ಬರೆದದ್ದನ್ನು ಅವರು ಓದಬೇಕೆಂಬ ಆಸೆ ನನಗೆ ಎಷ್ಟಿತ್ತೋ, ಆ ಕಥೆಯನ್ನು ಓದಿ ನೊಂದುಕೊಂಡಾರೆಂಬ ಭಯವೂ ಅಷ್ಟೇ ಇತ್ತು.

ಅರ್ಥ ಬರೆಯಲು ಕೂತಾಗ ತಿಣುಕಾಡಿಬಿಟ್ಟೆ. ‘ಓಳು: ಸುಳ್ಳು’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ನಿವೃತ್ತರಾಗಿದ್ದ ಅಪ್ಪ ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನ ಗೊಣಗಾಟ ಕೇಳಿ, ಹೇಳುವವನಿಗೂ ಕೇಳುವವನಿಗೂ ಸುಳ್ಳೆಂದು ಗೊತ್ತಿರುವ ಸುಳ್ಳು ಅಂತ ಬರಿ, ಎಂದರು. ನಾನು ದಂಗಾದೆ. ಕೊರೆತಕ್ಕೆ, ಕೇಳುವವನು ಗಡಿಯಾರ ನೋಡಿದ ಮೇಲೂ ನಿಲ್ಲದ ಮಾತು, ಎಂದರು. ಹೈಸ್ಕೂಲು ಹುಡುಗರ ನಡುವೆ ಆಯುಷ್ಯ ಕಳೆದವರಿಗೆ ಇವೆಲ್ಲ ತಿಳಿಯದೆ ಇರುತ್ತದೆಯೇ ಎಂದು ಆಮೇಲೆ ಹೊಳೆಯಿತು. ನಾನು ಒಂದೊಂದೇ ಪದ ಹೇಳುತ್ತ ಹೋದೆ, ಅವರು ಕಾಳು ಬಿಡಿಸುತ್ತ ಅರ್ಥ ಹೇಳುತ್ತ ಹೋದರು. ಟ್ರಿಣ್ ಒಂದನ್ನು ಬೇಕೆಂದೇ ಹಾರಿಸಿದೆ.

ಕಾಗದ ಮಡಿಸುತ್ತಿದ್ದೆ.

“ಒಂದು ಬಿಟ್ಟೆಯಲ್ಲ. ಟ್ರಿಣ್.”

ಅಪ್ಪ ಕಾಳು ಬಿಡಿಸುತ್ತಲೇ ಹೇಳಿದರು. ಪುಸ್ತಕ ಬಂದ ವಾರವೇ, ನಾನು ಮನೆಯಲ್ಲಿಲ್ಲದಾಗ, ಪೂರ್ತಿ ಓದಿದ್ದರಂತೆ. ಆ ಹೆಸರಂತೂ ಅದಕ್ಕೂ ಬಹಳ ಮುಂಚೆ ಅವರ ಕಿವಿಗೆ ಬಿದ್ದಿತ್ತಂತೆ. ನನಗೆ ತಲೆ ಎತ್ತಲಾಗಲಿಲ್ಲ.

“ಖಾಲಿ ರಸ್ತೇಲಿ ಯಾಕೆ ಬೆಲ್ ಹೊಡೀತಿದ್ದೆ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ಯಾ?” ಎಂದರು. “ಸಿಗರೇಟು ಕಣ್ಣಿಗೆ ಬಿದ್ರೆ ಸ್ನೇಹಿತರ ಮುಂದೇನೇ ಬೈಬೇಕಾಗ್ತಿತ್ತು. ಕೆಲಸ ಇಲ್ಲ ಅಂತ ಮೊದ್ಲೇ ಕುಗ್ಗೋಗಿದ್ದೆ ನೀನು. ಅದಕ್ಕೇ ಬರ್ತಿದೀನಿ ಅಂತ ಹೇಳ್ಕೊಂಡು ಬರ್ತಿದ್ದೆ.”

ಅವರನ್ನು ಏಮಾರಿಸಿದೆವೆಂದು ಅಷ್ಟು ಸಂಜೆ ನಕ್ಕಿದ್ದೆವು. ಅಷ್ಟೂ ಸಂಜೆ ಅವರು ನಮ್ಮನ್ನು ಕಾಪಾಡಿದ್ದರು. ಕಥೆಯನ್ನೇ ತಿದ್ದಿಬಿಡುತ್ತೇನೆ ಎಂದೆ. ಬೇಡ, ಆ ಹುಡುಗರಿಗೆ ಆಗ ತಿಳಿದಿದ್ದದ್ದು ಅಷ್ಟೇ ತಾನೆ, ಅದು ಹಾಗೇ ಇರಲಿ, ಎಂದರು.

ಕಾಗದ ಬಿಚ್ಚಿ ಕೊನೆಯಲ್ಲಿ ಒಂದು ಸಾಲು ಸೇರಿಸಿ ಅವರ ಕೈಗೆ ಕೊಟ್ಟೆ: ‘ಟ್ರಿಣ್: ಮಗ ತನ್ನ ಕೈಗೆ ಸಿಕ್ಕಿಬೀಳದಿರಲೆಂದು ತಿರುವಿನಲ್ಲೇ ಸೈಕಲ್ ಬೆಲ್ ಬಾರಿಸುವ ತಂದೆ.’

ಅಪ್ಪ ಪಂಚೆಗೆ ಕೈ ಒರೆಸಿಕೊಂಡು ಕೆಂಪು ಪೆನ್ನು ಕೇಳಿದರು. ಕಾಗುಣಿತ ನೋಡುತ್ತಿದ್ದಾರೆ ಎಂದುಕೊಂಡೆ. ಅವರು ‘ತಂದೆ’ಯನ್ನು ಹೊಡೆದುಹಾಕಿ, ಅದರ ಮೇಲೆ ‘ಅಪ್ಪ’ ಎಂದು ಬರೆದು, ಕಾಗದ ನನಗೆ ಕೊಟ್ಟು ಮತ್ತೆ ಅವರೆಕಾಯಿಗೆ ಕೈ ಹಾಕಿದರು.