ಟಗರಿನ ಪಾಲಿನ ಹುರುಳಿ

ನನ್ನ ತವರಿನಲ್ಲಿ ಹುರುಳಿ ಬೆಂದರೆ ಅದನ್ನು ಬಸಿದು ಎರಡು ಪಾಲು ಮಾಡುವುದು ಹಿಂದಿನಿಂದ ಬಂದದ್ದು. ಕಟ್ಟು, ಅಂದರೆ ಬಸಿದ ನೀರು, ಮನೆಯವರ ಸಾರಿಗೆ. ಕಾಳು ಟಗರಿಗೆ. ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆ ನಮ್ಮದು. ಇದನ್ನು ಯಾರೂ ಯಾಕೆಂದು ಕೇಳಿದವರಲ್ಲ. ನಾನೂ ಕೇಳಿರಲಿಲ್ಲ, ಅತ್ತಿಗೆಯನ್ನು ಹಿರಿಯೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವ ತನಕ.

ಅತ್ತಿಗೆಯ ಗರ್ಭಕೋಶದಲ್ಲಿ ಗೆಡ್ಡೆ ಬೆಳೆದಿತ್ತು. ತಿಂಗಳು ತಿಂಗಳೂ ರಕ್ತ ಹೋಗಿ ಹೋಗಿ, ಒಂದು ಕೊಡ ನೀರು ತರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಆಪರೇಷನ್ ಮಾಡಲೇಬೇಕು, ಆದರೆ ಮೈಯಲ್ಲಿ ರಕ್ತ ಸಾಲದು, ಎರಡು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರು. ಮಾತ್ರೆ ಕೊಡುತ್ತಾ ನರ್ಸಮ್ಮ ಕೇಳಿದರು.

“ಊಟಕ್ಕೆ ಏನೇನ್ ತಿಂತೀರಮ್ಮ?”

“ಎಲ್ಲಾರೂ ತಿಂದಿದ್ದೇ.”

“ಎಲ್ಲಾರ ಜತೀಗಾ, ಎಲ್ಲಾರೂ ಉಂಡ ಮ್ಯಾಲಾ?”

ಅತ್ತಿಗೆ ನಕ್ಕಳು. ನರ್ಸಮ್ಮ ನಗಲಿಲ್ಲ. “ಮಾತ್ರೆ ಬಿಡಬ್ಯಾಡ್ರಿ. ಜತೀಗೆ ಕಾಳು, ಸೊಪ್ಪು ತಿನ್ರಿ, ನಿಂಬೆಹಣ್ಣು ಹಿಂಡ್ಕಳ್ರಿ. ಊಟ ಆಗಿದ್ ಕೂಡ್ಲೆ ಟೀ ಮಾತ್ರ ಬ್ಯಾಡ.”

ಬಸ್‌ಸ್ಟ್ಯಾಂಡಿಗೆ ಬಂದವಳೇ ನಾನು ದಾಳಿಂಬೆ ಕೊಂಡೆ, ಶಕ್ತಿ ಬರುವ ಪುಡಿಯದೊಂದು ಡಬ್ಬಿಯನ್ನೂ ಕೊಂಡೆ. ನರ್ಸಮ್ಮ ಹೇಳಿದ್ದರಲ್ಲಿ ಇವೆರಡೂ ಇರಲಿಲ್ಲ. ಕಾಯಿಲೆ ದೊಡ್ಡದಾದರೆ ಪೇಟೆಯ ಸಾಮಾನೇ ಆಗಬೇಕೆಂದು ನನಗೆ ಯಾಕೋ ಅನ್ನಿಸಿಬಿಟ್ಟಿತ್ತು.

ದಾಳಿಂಬೆಯನ್ನು ಅತ್ತಿಗೆ ಸಂಜೆಯೊಳಗೆ ಮಕ್ಕಳಿಗೆ ಬಿಡಿಸಿ ಕೊಟ್ಟಳು. ಆಮೇಲೆ ನುಗ್ಗೆಯ ಕೊಂಬೆ ಕಡಿದು ಮರಿಗಳ ಮುಂದೆ ಹಾಕಿದಳು, ಹುರುಳಿ ಬಸಿದಳು, ಕಾಳನ್ನು ಬಕೆಟ್ಟಿಗೆ ಸುರಿದಳು. ತಾನು ಟೀ ಲೋಟ, ಒಂದು ಬನ್ನು ಹಿಡಿದು ಕುಳಿತಳು.

“ಅತ್ತಿಗೆ, ಆಯಮ್ಮ ಹೇಳಿದ್ ಕಾಳು ಇದೇ ಅಲ್ವಾ?” ಎಂದೆ.

“ಇದು ಟಗರಿಂದು ಕಣವ್ವ.”

“ಮತ್ತೆ ನಿಂಗೆ?”

“ಕಟ್ಟಿನ ಸಾರೈತಲ್ಲ.”

ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. “ನಾನೇ ಕಣೇ ಇವ್ಳಿಗೆ ಹೇಳ್ಕೊಟ್ಟಿದ್ದು. ನಂಗೆ ನಮ್ಮತ್ತೆ ಹೇಳ್ಕೊಟ್ಟಿದ್ರು,” ಎಂದು ಎದ್ದಳು. ಬಕೆಟ್ಟನ್ನು ಎಳೆದು ಎರಡು ಸೌಟು ಕಾಳನ್ನು ಅತ್ತಿಗೆಯ ತಟ್ಟೆಗೆ ಹಾಕಿದಳು.

“ಟಗರು ಸೊರಗ್ತೈತೆ ಅತ್ತೆ.”

“ಅದುಕ್ಕೇನ್ ಆಪ್ರೇಷನ್ ಐತಾ? ತಿನ್ನು.”

ಅಂದಿನಿಂದ ಮರಿಗಳಿಗೆ ಹಾಕುವ ಮುನ್ನ ನುಗ್ಗೆಯ ಎಳೆಸೊಪ್ಪು ಒಲೆಗೆ ಬಂತು. ಹುರುಳಿಗೆ ಈರುಳ್ಳಿ ಒಗ್ಗರಣೆ, ಮೇಲೆ ನಿಂಬೆಹಣ್ಣು, ಜೊತೆಗೆ ಮುದ್ದೆ; ಮಾತ್ರೆಯೂ ತಪ್ಪಲಿಲ್ಲ. ಟೀ ಹೊತ್ತು ಬದಲಾಯಿಸುವುದೇ ಕಷ್ಟವಾಯಿತು. ನಾಲ್ಕು ದಿನ ತಲೆನೋವೆಂದು ಅತ್ತಿಗೆ ಸೆರಗು ಬಿಗಿದು ಕಟ್ಟಿಕೊಂಡಿದ್ದಳು. ಟಗರು ಮಾತ್ರ ಪಾಲು ಕಮ್ಮಿಯಾದದ್ದನ್ನು ಕ್ಷಮಿಸಲಿಲ್ಲ, ಖಾಲಿ ಬಕೆಟ್ಟಿಗೆ ದಿನಾ ಗುಮ್ಮುತ್ತಿತ್ತು. ಪುಡಿಯ ಡಬ್ಬಿ ಹಾಗೇ ಉಳಿಯಿತು.

ಎರಡು ತಿಂಗಳಿಗೆ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಈಗ ಮಾಡಬಹುದು ಎಂದರು. ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಅತ್ತಿಗೆ ಒಳಗೆ ಹೋಗುವ ಮುಂಚೆ ಟಗರಿನ ಹತ್ತಿರ ನಿಂತು, “ನಿನ್ ಪಾಲು ತಿಂದೆ ಕಣಪ್ಪ,” ಎಂದಳು.

ಆವತ್ತು ಹುರುಳಿ ಬಸಿದವಳು ಅವ್ವ. ಒಂದು ಸೌಟು ಅತ್ತಿಗೆಯ ತಟ್ಟೆಗೆ ಹಾಕಿದಳು. ಇನ್ನೊಂದನ್ನು ಟಗರಿನ ಬಕೆಟ್ಟಿನ ತನಕ ಒಯ್ದು ನಿಂತಳು.

“ಇಷ್ಟು ವರ್ಷ ಬೇಯ್ಸಿದೀನಿ, ನಾನೂ ಒಂದೀಟು ನೋಡ್ತೀನಿ ತಡಿ,” ಎಂದು ತನ್ನ ತಟ್ಟೆ ಎಳೆದುಕೊಂಡಳು.